ಆದಾಯ ಹೆಚ್ಚಿದೆ ಎಂದು ಅರ್ಜಿಯನ್ನೇ ಕೈಬಿಡಬೇಡಿ: ಅಮೆರಿಕದ ಕಾಲೇಜು ನೆರವಿನ ಬಗ್ಗೆ ಒಬ್ಬ ತಾಯಿಗೆ ಉತ್ತರ

ಪ್ರಶ್ನೆ: ನಾವು ನ್ಯೂಜೆರ್ಸಿಗೆ ಬಂದು ಹದಿನೆಂಟು ವರ್ಷಗಳಾದವು. ನಮ್ಮ ಯಜಮಾನರು ಎಚ್1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದಾರೆ. ಗ್ರೀನ್ ಕಾರ್ಡ್ ಇನ್ನೂ ಸರದಿಯಲ್ಲೇ ಇದೆ. ನಾನು ಅವರ ಅವಲಂಬಿತಳಾಗಿ ಎಚ್4 ವೀಸಾದಲ್ಲಿದ್ದೇನೆ, ನನಗೆ ಇಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲ. ಮಗಳು ಇಲ್ಲಿಯೇ ಹುಟ್ಟಿದವಳು, ಈಗ ಹನ್ನೆರಡನೆಯ ತರಗತಿಯಲ್ಲಿದ್ದಾಳೆ, 2026ರ ಶರತ್ಕಾಲದಲ್ಲಿ ಕಾಲೇಜು ಸೇರಬೇಕು. ನಮ್ಮ ವಾರ್ಷಿಕ ಆದಾಯ ಸುಮಾರು 1,65,000 ಡಾಲರ್. ಮೈಸೂರಿನಲ್ಲಿ ಯಜಮಾನರ ಹೆಸರಿನಲ್ಲಿ ಒಂದು ಸೈಟಿದೆ. ಹಾಸನದಲ್ಲಿರುವ ಅತ್ತೆ-ಮಾವನವರಿಗೆ ತಿಂಗಳು ತಿಂಗಳು ಹಣ ಕಳಿಸುತ್ತೇವೆ. ಮಗಳ ಬ್ಯಾಂಕ್ ಖಾತೆಯಲ್ಲಿ 9,000 ಡಾಲರ್ ಇದೆ, ಅವಳ ಓದಿಗೆಂದು ಮಾಡಿದ 529 ಎಂಬ ಉಳಿತಾಯ ಯೋಜನೆಯಲ್ಲಿ 40,000 ಡಾಲರ್ ಇದೆ. ಪರಿಚಿತರೆಲ್ಲ "ನಿಮ್ಮ ಸಂಬಳಕ್ಕೆ ಏನೂ ಸಿಗುವುದಿಲ್ಲ, ಸುಮ್ಮನೆ ಅರ್ಜಿ ಹಾಕಿ ಗ್ರೀನ್ ಕಾರ್ಡಿಗೆ ತೊಂದರೆ ತಂದುಕೊಳ್ಳಬೇಡಿ" ಎನ್ನುತ್ತಾರೆ. ನಾವು ಆರ್ಥಿಕ ನೆರವಿಗೆ ಅರ್ಜಿ ಹಾಕಬಹುದೇ, ಹಾಕಬೇಕೇ?

ಉತ್ತರ: ಅರ್ಜಿ ಹಾಕಬಹುದು, ಹಾಕಲೇಬೇಕು. ನಿಮ್ಮ ಪರಿಚಿತರು ಒಳ್ಳೆಯ ಮನಸ್ಸಿನಿಂದಲೇ ಆ ಮಾತು ಹೇಳಿರಬಹುದು, ಆದರೆ ಆ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ತಪ್ಪುಗಳು ಸೇರಿಕೊಂಡಿವೆ. ತಂದೆ-ತಾಯಿಯ ವೀಸಾ ಮಗಳ ಅರ್ಹತೆಯನ್ನು ನಿರ್ಧರಿಸುತ್ತದೆ ಎಂಬುದು ಮೊದಲನೆಯದು. ಮಗಳು ಪಡೆದ ನೆರವು ನಿಮ್ಮ ವಲಸೆ ಅರ್ಜಿಯ ಮೇಲೆ ಬೀಳುತ್ತದೆ ಎಂಬುದು ಎರಡನೆಯದು. ನೆರವು ಎಂದರೆ ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ಹಣ ಮಾತ್ರ ಎಂಬುದು ಮೂರನೆಯದು, ಮತ್ತು ಕುಟುಂಬಗಳಿಗೆ ಅತಿ ಹೆಚ್ಚು ನಷ್ಟ ಮಾಡಿರುವುದು ಈ ಮೂರನೆಯ ತಪ್ಪೇ.

ವೀಸಾದ ವಿಷಯ ಮೊದಲು ನೋಡೋಣ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿಗೆ ವಿದ್ಯಾರ್ಥಿಯು ಅಲ್ಲಿನ ನಾಗರಿಕನೋ, ಗ್ರೀನ್ ಕಾರ್ಡ್ ಹೊಂದಿದವನೋ, ಅಥವಾ ಕಾನೂನು ಹೆಸರಿಸಿದ ಕೆಲವು ವರ್ಗಗಳಿಗೆ ಸೇರಿದವನೋ ಆಗಿರಬೇಕು. ಈ ಷರತ್ತು ಇರುವುದು ವಿದ್ಯಾರ್ಥಿಗೆ, ತಂದೆ-ತಾಯಿಗೆ ಅಲ್ಲ. ನಿಮ್ಮ ಮಗಳು ಹುಟ್ಟಿನಿಂದ ನಾಗರಿಕಳಾದ್ದರಿಂದ ಅವಳ ಅರ್ಹತೆಯಲ್ಲಿ ಸಂದೇಹವೇ ಇಲ್ಲ. ಎಷ್ಟೋ ಕನ್ನಡ ಕುಟುಂಬಗಳಲ್ಲಿ ದೊಡ್ಡ ಮಗು ಊರಲ್ಲಿ ಹುಟ್ಟಿ ಎಚ್4 ವೀಸಾದಲ್ಲಿರುತ್ತದೆ, ಚಿಕ್ಕದು ಇಲ್ಲಿ ಹುಟ್ಟಿರುತ್ತದೆ. ದೊಡ್ಡದಕ್ಕೆ ಕೇಂದ್ರ ಸರ್ಕಾರದ ನೆರವು ಸಿಗಲಿಲ್ಲ ಎಂಬ ಅನುಭವವನ್ನು ಆ ಮನೆಯವರು ಇಡೀ ಸಮುದಾಯಕ್ಕೆ ಅನ್ವಯಿಸಿ ಹೇಳುತ್ತಾರೆ, ಅದು ಬಾಯಿಂದ ಬಾಯಿಗೆ ಹೋಗಿ ನಿಯಮವೇ ಆಗಿಬಿಡುತ್ತದೆ. ಎಚ್4 ಮಕ್ಕಳಿಗೂ ಕಾಲೇಜುಗಳು ತಮ್ಮ ಸ್ವಂತ ಹಣದಿಂದ ಕೊಡುವ ನೆರವಿಗೆ ದಾರಿ ಇರುತ್ತದೆ ಎಂಬುದನ್ನು ಅಂಥ ಮಕ್ಕಳಿರುವ ಓದುಗರು ಗಮನಿಸಬೇಕು.

ಗ್ರೀನ್ ಕಾರ್ಡಿನ ಭಯದ ಹಿಂದೆ ಇರುವುದು, ಸರ್ಕಾರದ ಸಹಾಯವನ್ನೇ ನಂಬಿ ಬದುಕುವವರಿಗೆ ಕಾಯಂ ವಾಸದ ಅನುಮತಿ ನಿರಾಕರಿಸಬಹುದು ಎಂಬ ನಿಯಮ. 2022ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಈ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಜೀವನ ನಿರ್ವಹಣೆಗೆಂದು ಅರ್ಜಿದಾರರೇ ಪಡೆದ ನಗದು ಸಹಾಯ ಮತ್ತು ಸರ್ಕಾರಿ ವೆಚ್ಚದಲ್ಲಿ ದೀರ್ಘಕಾಲ ಆರೈಕೆ ಸಂಸ್ಥೆಯಲ್ಲಿರುವುದು. ನಾಗರಿಕಳಾದ ಮಗಳು ಓದಿಗೆಂದು ಪಡೆದ ಹಣವನ್ನು ತಂದೆಯ ತಲೆಗೆ ಕಟ್ಟುವುದಿಲ್ಲ. ಆದರೆ ಈ ವಿಷಯದ ನಿಯಮಗಳು 2019ರಲ್ಲಿ ಒಂದು ಬಗೆಯಾಗಿ, 2022ರಲ್ಲಿ ಇನ್ನೊಂದು ಬಗೆಯಾಗಿ ಬದಲಾದದ್ದುಂಟು. ಆದ್ದರಿಂದ ನಿಮ್ಮ ಗ್ರೀನ್ ಕಾರ್ಡ್ ಅರ್ಜಿಯನ್ನು ನೋಡಿಕೊಳ್ಳುತ್ತಿರುವ ವಕೀಲರಿಗೆ ಎರಡು ಸಾಲಿನ ಇಮೇಲ್ ಬರೆದು ಉತ್ತರ ಪಡೆದಿಟ್ಟುಕೊಂಡರೆ ನೀವು ನಿಶ್ಚಿಂತರಾಗಿರಬಹುದು.

ಇನ್ನು ಆದಾಯ. ನಿಮ್ಮ ಆದಾಯಕ್ಕೆ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ ಸಿಗುವುದಿಲ್ಲ ಎಂಬುದು ನಿಜ. 2025-26ರಲ್ಲಿ ಗರಿಷ್ಠ 7,395 ಡಾಲರ್ ಇರುವ ಈ ಅನುದಾನ ಕಡಿಮೆ ಆದಾಯದ ಕುಟುಂಬಗಳಿಗೆ ಮೀಸಲು. ಆದರೆ ನೆರವಿನ ದೊಡ್ಡ ಪಾಲು ಬರುವುದು ಕಾಲೇಜುಗಳ ಸ್ವಂತ ನಿಧಿಯಿಂದ, ಮತ್ತು ಅಲ್ಲಿನ ಅಳತೆಗೋಲೇ ಬೇರೆ. ಹಾರ್ವರ್ಡ್ ವಿಶ್ವವಿದ್ಯಾಲಯ 2025-26ರಿಂದ 2,00,000 ಡಾಲರ್‌ವರೆಗೆ ಆದಾಯವಿರುವ ಕುಟುಂಬಗಳ ಮಕ್ಕಳಿಗೆ ಬೋಧನಾ ಶುಲ್ಕವನ್ನೇ ತೆಗೆದುಹಾಕಿದೆ. ಎಂಐಟಿ ಕೂಡ 2025ರ ಶರತ್ಕಾಲದಿಂದ, ಆಸ್ತಿ ಸಾಧಾರಣ ಮಟ್ಟದಲ್ಲಿದ್ದರೆ, 2,00,000 ಡಾಲರ್‌ಗಿಂತ ಕಡಿಮೆ ಆದಾಯದ ಮನೆಗಳಿಗೆ ಅದೇ ರೀತಿ ಮಾಡಿದೆ. ನಿಮ್ಮ ಮಗಳು ಆ ಎರಡರಲ್ಲೇ ಓದಬೇಕೆಂದು ನಾನು ಹೇಳುತ್ತಿಲ್ಲ. "ನಮ್ಮ ಸಂಬಳಕ್ಕೆ ಏನೂ ಇಲ್ಲ" ಎಂಬ ಮಾತು ಎಷ್ಟು ದುರ್ಬಲವೆಂದು ತೋರಿಸಲು ಈ ಉದಾಹರಣೆ ಕೊಟ್ಟೆ, ಅಷ್ಟೇ. ಇದಲ್ಲದೆ, ಆದಾಯ ಎಷ್ಟೇ ಇದ್ದರೂ ವಿದ್ಯಾರ್ಥಿಯ ಹೆಸರಿಗೇ ಸಿಗುವ ಕೇಂದ್ರ ಸರ್ಕಾರದ ಸಾಲಕ್ಕೂ, ನಾನು ಮುಂದೆ ವಿವರಿಸುವ ನೆರವಿನ ಅರ್ಜಿಯೇ ಬೇಕು. ಕೆಲವು ಕಾಲೇಜುಗಳು ಪ್ರತಿಭಾ ವಿದ್ಯಾರ್ಥಿವೇತನ ಕೊಡುವ ಮೊದಲೂ ಇದನ್ನು ಕೇಳುತ್ತವೆ.

ಯಾವ ಕಾಲೇಜಿನಲ್ಲಿ ನಿಮಗೆ ಎಷ್ಟು ಬೀಳಬಹುದು ಎಂಬುದನ್ನು ಊಹಿಸುತ್ತ ಕೂರಬೇಕಾಗಿಲ್ಲ. ಕೇಂದ್ರ ಸರ್ಕಾರದ ನೆರವಿನ ಕಾರ್ಯಕ್ರಮಗಳಲ್ಲಿ ಭಾಗವಹಿಸುವ ಪದವಿ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್, ಅಂದರೆ ನೆರವು ಕಳೆದು ನಿಮಗೆ ಬೀಳುವ ವೆಚ್ಚವನ್ನು ಅಂದಾಜು ಮಾಡುವ ಸಾಧನ, ಇಡಬೇಕೆಂಬ ಕಾನೂನು 2011ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಒಂದು ಸಂಜೆ ಕುಳಿತು, ತೆರಿಗೆ ರಿಟರ್ನನ್ನು ಪಕ್ಕದಲ್ಲಿಟ್ಟುಕೊಂಡು, ಮಗಳ ಪಟ್ಟಿಯಲ್ಲಿರುವ ಪ್ರತಿ ಕಾಲೇಜಿನ ಲೆಕ್ಕವನ್ನೂ ಮಾಡಿ. ಹೊರಗೆ 80,000 ಡಾಲರ್‌ಗಿಂತ ಹೆಚ್ಚು ಬೆಲೆ ಹೇಳುವ ಖಾಸಗಿ ಕಾಲೇಜೊಂದು ನಿಮ್ಮ ಕುಟುಂಬಕ್ಕೆ ರಾಜ್ಯ ವಿಶ್ವವಿದ್ಯಾಲಯಕ್ಕಿಂತ ಅಗ್ಗವಾಗಬಹುದು, ಅಥವಾ ಅದಕ್ಕೆ ತದ್ವಿರುದ್ಧವಾಗಬಹುದು. ಹೊರಗೆ ಹೇಳುವ ಬೆಲೆಯನ್ನು ನೋಡಿ ಕಾಲೇಜನ್ನು ಪಟ್ಟಿಯಿಂದ ತೆಗೆದುಹಾಕುವುದು ನಾನು ಕಂಡಿರುವ ಅತ್ಯಂತ ಸಾಮಾನ್ಯವಾದ ತಪ್ಪು.

ಈಗ ಅರ್ಜಿಗೆ ಬರೋಣ. ಮೂಲ ಅರ್ಜಿಯನ್ನು ಫ್ಯಾಫ್ಸಾ (ಫ್ರೀ ಅಪ್ಲಿಕೇಷನ್ ಫಾರ್ ಫೆಡರಲ್ ಸ್ಟೂಡೆಂಟ್ ಏಡ್) ಎಂದು ಕರೆಯುತ್ತಾರೆ. ಇದರ ಹಿಂದಿರುವುದು ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ನವೆಂಬರ್ 8ರಂದು ಟೆಕ್ಸಾಸ್‌ನಲ್ಲಿ ತಾವೇ ಓದಿದ ಕಾಲೇಜಿಗೆ ಹೋಗಿ ಸಹಿ ಹಾಕಿದ ಉನ್ನತ ಶಿಕ್ಷಣ ಕಾಯಿದೆ. ಅರ್ಜಿಯ ಹೆಸರಿನ ಮೊದಲ ಪದದ ಅರ್ಥವೇ ಉಚಿತ ಎಂದು. ಅದನ್ನು ತುಂಬಿಕೊಡಲು ಹಣ ಕೇಳುವ ಜಾಲತಾಣವನ್ನಾಗಲಿ ಮಧ್ಯವರ್ತಿಯನ್ನಾಗಲಿ ಬಿಟ್ಟು, ಸರ್ಕಾರದ ಸ್ಟೂಡೆಂಟ್‌ಏಡ್ ಜಾಲತಾಣದಲ್ಲೇ ಅರ್ಜಿ ಸಲ್ಲಿಸಿ. ಅಲ್ಲಿ ಮಗಳಿಗೆ ಒಂದು ಖಾತೆ ಬೇಕು, ಅವಳೊಂದಿಗೆ ವಿವರ ಕೊಡಬೇಕಾದ ತಂದೆ ಅಥವಾ ತಾಯಿಗೆ ಇನ್ನೊಂದು ಪ್ರತ್ಯೇಕ ಖಾತೆ ಬೇಕು. ನೀವು ದಂಪತಿ ಜಂಟಿಯಾಗಿ ತೆರಿಗೆ ರಿಟರ್ನ್ ಸಲ್ಲಿಸುವವರಾದರೆ ಇಬ್ಬರಲ್ಲಿ ಒಬ್ಬರು ಖಾತೆ ತೆರೆದರೆ ಸಾಕು. ಆದ್ದರಿಂದ ನಿಮಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿರುವುದು ಅಡ್ಡಿಯೇ ಅಲ್ಲ, ನಿಮ್ಮ ಯಜಮಾನರ ಖಾತೆಯಿಂದಲೇ ಕೆಲಸ ಮುಗಿಯುತ್ತದೆ. ಇಬ್ಬರೂ ಬೇರೆ ಬೇರೆ ರಿಟರ್ನ್ ಸಲ್ಲಿಸುವ ಮನೆಗಳಲ್ಲಿ ಸಂಖ್ಯೆ ಇಲ್ಲದವರೂ ಖಾತೆ ತೆರೆಯಲು ಅವಕಾಶವಿದೆ, ಆದರೆ ಗುರುತಿನ ಪರಿಶೀಲನೆಗೆ ಹೆಚ್ಚು ಸಮಯ ಹಿಡಿಯಬಹುದು.

ಇಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ, ಅದು ಹೆಸರು. ಖಾತೆ ತೆರೆದಾಗ ಕೊಟ್ಟ ಹೆಸರು, ಹುಟ್ಟಿದ ದಿನಾಂಕ ಮತ್ತು ಸಂಖ್ಯೆಯನ್ನು ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ನಮ್ಮ ಕಡೆ ಊರಿನ ಹೆಸರೂ ತಂದೆಯ ಹೆಸರೂ ಇನಿಷಿಯಲ್ ಆಗಿ ಮುಂದೆ ನಿಲ್ಲುತ್ತವೆ, ಮನೆತನದ ಹೆಸರು ಎಂಬುದೇ ಎಷ್ಟೋ ಜನರಿಗೆ ಇರುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದಿರುತ್ತಾರೆ, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅದು ಹಿಂದುಮುಂದಾಗಿರುತ್ತದೆ, ಕಂಪನಿಯ ದಾಖಲೆಯಲ್ಲಿ ಮೂರನೆಯ ರೂಪ ಇರುತ್ತದೆ. ನಾನು ಸಲಹೆ ನೀಡಿದ ಒಂದು ಕುಟುಂಬದಲ್ಲಿ ತಂದೆ ಎಲ್ಲರೂ ತಮ್ಮನ್ನು ಕರೆಯುವ ಹೆಸರನ್ನೇ ಖಾತೆಯಲ್ಲಿ ಬರೆದಿದ್ದರು, ಕಾರ್ಡಿನಲ್ಲಿ ಅದರ ಮುಂದೆ ಅವರ ತಂದೆಯ ಪೂರ್ತಿ ಹೆಸರಿತ್ತು. ತಾಳೆಯಾಗದೆ ಖಾತೆ ಸಿಕ್ಕಿಕೊಂಡು, ಅದನ್ನು ಸರಿಪಡಿಸುವಷ್ಟರಲ್ಲಿ ಒಂದು ಕಾಲೇಜಿನ ಆದ್ಯತೆಯ ಗಡುವು ದಾಟಿಹೋಗಿತ್ತು. ಆದ್ದರಿಂದ ನಿಮ್ಮ ಯಜಮಾನರು ಕಾರ್ಡನ್ನು ಕಣ್ಣೆದುರು ಇಟ್ಟುಕೊಂಡು, ಅದರಲ್ಲಿ ಅಕ್ಷರಗಳು ಹೇಗಿವೆಯೋ ಹಾಗೆಯೇ ಬರೆಯಲಿ. ಮಗಳು ತನ್ನ ಅರ್ಜಿಯಿಂದ ತಂದೆಗೆ ಆಹ್ವಾನ ಕಳಿಸುವಾಗಲೂ ಅದೇ ರೂಪವನ್ನು ಬಳಸಲಿ.

ತೆರಿಗೆ ಇಲಾಖೆಯಲ್ಲಿರುವ ನಿಮ್ಮ ವಿವರಗಳು ನೇರವಾಗಿ ಅರ್ಜಿಗೆ ಬರಲು ಮಗಳೂ ತಂದೆಯೂ ಒಪ್ಪಿಗೆ ಕೊಡಬೇಕು. ಕೆಲವರು ಖಾಸಗಿ ವಿಷಯವೆಂದು ಹಿಂಜರಿದು ಒಪ್ಪಿಗೆ ನಿರಾಕರಿಸುತ್ತಾರೆ. ಹಾಗೆ ಮಾಡಿದರೆ ಮಗಳಿಗೆ ಕೇಂದ್ರ ಸರ್ಕಾರದ ಯಾವ ನೆರವೂ ಸಿಗುವುದಿಲ್ಲ. 2026ರ ಶರತ್ಕಾಲದಲ್ಲಿ ಆರಂಭವಾಗುವ ವರ್ಷಕ್ಕೆ 2024ರ ತೆರಿಗೆ ವಿವರವನ್ನು ತೆಗೆದುಕೊಳ್ಳುತ್ತಾರೆ, ಹೀಗೆ ಎರಡು ವರ್ಷ ಹಿಂದಿನ ಆದಾಯವೇ ಲೆಕ್ಕಕ್ಕೆ ಆಧಾರ. ಅರ್ಜಿ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ತೆರೆಯಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಕಾನೂನೇ ಆಯಿತು, ಏಕೆಂದರೆ 2024-25ರ ಹೊಸ ಅರ್ಜಿ 2023ರ ಡಿಸೆಂಬರ್ ಕೊನೆಯವರೆಗೂ ತೆರೆಯದೆ ಲಕ್ಷಾಂತರ ಮಕ್ಕಳು ಕಂಗಾಲಾಗಿದ್ದರು. ಕೇಂದ್ರ ಸರ್ಕಾರದ ಕೊನೆಯ ದಿನಾಂಕ 2027ರ ಜೂನ್ 30 ಎಂದು ಕಂಡು ನೆಮ್ಮದಿಯಿಂದ ಕೂರಬೇಡಿ. ರಾಜ್ಯಗಳ ಮತ್ತು ಕಾಲೇಜುಗಳ ಗಡುವು ಬಹಳ ಮೊದಲೇ ಬರುತ್ತದೆ. ಉದಾಹರಣೆಗೆ ಕ್ಯಾಲಿಫೋರ್ನಿಯಾದ ರಾಜ್ಯ ಅನುದಾನಕ್ಕೆ ಅದು 2026ರ ಮಾರ್ಚ್ 2. ಖಾಸಗಿ ಕಾಲೇಜುಗಳಲ್ಲಿ ಪ್ರವೇಶಕ್ಕೆ ಮುಂಚಿತವಾಗಿ ಅರ್ಜಿ ಹಾಕುವವರಿಗೆ ನವೆಂಬರ್‌ನಲ್ಲೇ ಗಡುವು ಮುಗಿಯುವುದೂ ಉಂಟು. ಕಾಲೇಜಿನ ಸ್ವಂತ ನಿಧಿಗೆ ಮಿತಿ ಇರುವುದರಿಂದ ತಡವಾಗಿ ಬಂದವರಿಗೆ ಅರ್ಹತೆ ಇದ್ದರೂ ಹಣ ಉಳಿದಿರುವುದಿಲ್ಲ.

ನೀವು ಕೇಳಿರುವ ಸೈಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಅರ್ಜಿಯ ಸೂತ್ರವು ನಿಮ್ಮ ಆದಾಯ, ಆಸ್ತಿ, ಕುಟುಂಬದ ಗಾತ್ರಗಳಿಂದ ಸ್ಟೂಡೆಂಟ್ ಏಡ್ ಇಂಡೆಕ್ಸ್ ಎಂಬ ಒಂದು ಅಂಕಿಯನ್ನು ತೆಗೆಯುತ್ತದೆ. ಆ ಅಂಕಿ ಕಡಿಮೆಯಾದಷ್ಟೂ ನೆರವಿನ ಅಗತ್ಯ ಹೆಚ್ಚೆಂದು ಅರ್ಥ. ನೀವು ವಾಸವಾಗಿರುವ ಮನೆ ಮತ್ತು 401ಕೆ, ಐಆರ್‌ಎ ಮುಂತಾದ ನಿವೃತ್ತಿ ಖಾತೆಗಳನ್ನು ಆಸ್ತಿಯೆಂದು ಲೆಕ್ಕಿಸುವುದಿಲ್ಲ. ಬ್ಯಾಂಕಿನಲ್ಲಿರುವ ಹಣ, ಷೇರು, ವಾಸದ ಮನೆಯಲ್ಲದ ಇತರ ಸ್ಥಿರಾಸ್ತಿಗಳನ್ನು ಲೆಕ್ಕಿಸುತ್ತಾರೆ. ಆಸ್ತಿ ಅಮೆರಿಕದಲ್ಲಿರಬೇಕೆಂಬ ಮಾತು ಎಲ್ಲಿಯೂ ಇಲ್ಲ. ಆದ್ದರಿಂದ ಮೈಸೂರಿನ ಸೈಟಿನ ಇಂದಿನ ಬೆಲೆಯಿಂದ ಅದರ ಮೇಲಿನ ಸಾಲ ಕಳೆದು, ಉಳಿದದ್ದನ್ನು ಡಾಲರಿಗೆ ಪರಿವರ್ತಿಸಿ ತೋರಿಸಬೇಕು. ಊರಿನ ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿರುವ ಎಫ್‌ಡಿಗಳಿಗೂ ಇದೇ ಮಾತು. "ಅಲ್ಲಿಯದು ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ" ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಗೊತ್ತಾಗುವುದೋ ಇಲ್ಲವೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಕೊಟ್ಟ ವಿವರ ನಿಜವೆಂದು ಸಹಿ ಹಾಕುತ್ತೀರಿ, ಸುಳ್ಳು ವಿವರ ಕೊಟ್ಟು ನೆರವು ಪಡೆಯುವುದು ದಂಡ ಮತ್ತು ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತ ಕುಟುಂಬಕ್ಕೆ ನಿಜವಾದ ಅಪಾಯ ಇರುವುದು ಇಲ್ಲಿ, ನೆರವು ಕೇಳುವುದರಲ್ಲಿ ಅಲ್ಲ.

ಸತ್ಯ ಹೇಳಿದ್ದರಿಂದ ಆಗುವ ನಷ್ಟವೂ ಜನ ಭಾವಿಸುವಷ್ಟು ದೊಡ್ಡದಲ್ಲ. ತಂದೆ-ತಾಯಿಯ ಆಸ್ತಿಯಲ್ಲಿ ಹೆಚ್ಚೆಂದರೆ ಶೇಕಡಾ 5.64ರಷ್ಟು ಮಾತ್ರ ಆ ಅಂಕಿಗೆ ಸೇರುತ್ತದೆ. ಸೈಟಿನ ಬೆಲೆ 70,000 ಡಾಲರ್ ಎಂದಿಟ್ಟುಕೊಂಡರೂ ಅಂಕಿ ಏರುವುದು ಸುಮಾರು 3,950 ಡಾಲರ್. 529 ಯೋಜನೆಯ 40,000 ಡಾಲರಿಗೆ ಸುಮಾರು 2,250. ನಿಮ್ಮ ಲೆಕ್ಕದಲ್ಲಿ ಭಾರ ಬೀಳುವುದು ಸಂಬಳದ ಮೇಲೆಯೇ ಹೊರತು ಸೈಟಿನ ಮೇಲಲ್ಲ. ಮಗಳ ಹೆಸರಿನ ಹಣಕ್ಕೆ ಮಾತ್ರ ದರ ಹೆಚ್ಚು, ಶೇಕಡಾ 20. ಅವಳ 9,000 ಡಾಲರ್ ಅಂಕಿಯನ್ನು 1,800 ಡಾಲರ್ ಏರಿಸುತ್ತದೆ. ಅದೇ ಹಣ 529 ಯೋಜನೆಯಲ್ಲಿದ್ದಿದ್ದರೆ ಏರಿಕೆ ಸುಮಾರು 500 ಡಾಲರಿಗೆ ನಿಲ್ಲುತ್ತಿತ್ತು, ಏಕೆಂದರೆ ತಂದೆ-ತಾಯಿಯನ್ನು ಅವಲಂಬಿಸಿದ ವಿದ್ಯಾರ್ಥಿಯ ಹೆಸರಿನಲ್ಲೇ 529 ಇದ್ದರೂ ಅದನ್ನು ತಂದೆ-ತಾಯಿಯ ಆಸ್ತಿಯೆಂದೇ ಎಣಿಸುತ್ತಾರೆ. ಆಸ್ತಿಯ ಲೆಕ್ಕ ಅರ್ಜಿಗೆ ಸಹಿ ಹಾಕುವ ದಿನದ್ದು. ಅವಳ ಹಣವನ್ನು ಅದಕ್ಕೆ ಮೊದಲೇ 529ಕ್ಕೆ ಹಾಕುವುದಾಗಲಿ, ಕಾಲೇಜಿಗೆ ಬೇಕಾಗುವ ಲ್ಯಾಪ್‌ಟಾಪನ್ನು ಈಗಲೇ ಕೊಳ್ಳುವುದಾಗಲಿ ನಿಯಮಬದ್ಧವೇ. ಆಸ್ತಿಯನ್ನು ನೆಂಟರ ಹೆಸರಿಗೆ ತಾತ್ಕಾಲಿಕವಾಗಿ ವರ್ಗಾಯಿಸಿ ಮತ್ತೆ ವಾಪಸು ಪಡೆಯುವ ಏರ್ಪಾಡನ್ನು ಮಾತ್ರ ಮಾಡಬೇಡಿ. ಭಾಗವಾಗದ ಪಿತ್ರಾರ್ಜಿತ ಜಮೀನಿನಲ್ಲಿ ನಿಮ್ಮ ಯಜಮಾನರ ಪಾಲೂ ಇದ್ದರೆ, ಅದನ್ನು ಹೇಗೆ ತೋರಿಸಬೇಕೆಂದು ಕಾಲೇಜಿನ ನೆರವಿನ ಕಚೇರಿಗೆ ಬರೆದು ಕೇಳಿ, ಬಂದ ಉತ್ತರವನ್ನು ಜೋಪಾನವಾಗಿಡಿ.

ಹಲವು ಖಾಸಗಿ ಕಾಲೇಜುಗಳು ಫ್ಯಾಫ್ಸಾದ ಜೊತೆಗೆ ಕಾಲೇಜ್ ಬೋರ್ಡ್ ನಡೆಸುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಎರಡನೆಯ ಅರ್ಜಿಯನ್ನು ಕೇಳುತ್ತವೆ. ಇದಕ್ಕೆ ಮೊದಲ ಕಾಲೇಜಿಗೆ 25 ಡಾಲರ್, ಮುಂದಿನ ಪ್ರತಿಯೊಂದಕ್ಕೂ 16 ಡಾಲರ್ ಶುಲ್ಕವಿದೆ. ಆದಾಯ 1,00,000 ಡಾಲರ್ ಮೀರದ ಕುಟುಂಬಗಳಿಗೆ ಶುಲ್ಕವಿಲ್ಲ, ನೀವು ಕಟ್ಟಬೇಕಾಗುತ್ತದೆ. ಈ ಅರ್ಜಿ ಮನೆಯ ಮೂಲೆ ಮೂಲೆಯನ್ನೂ ತೆರೆದು ನೋಡುವಂಥದ್ದು. ನೀವು ವಾಸಿಸುವ ಸ್ವಂತ ಮನೆಯ ಬೆಲೆಯನ್ನೂ ಅದು ಕೇಳುತ್ತದೆ. ಆದರೆ ನಿಮ್ಮಂಥವರಿಗೆ ಇದರಿಂದ ಒಂದು ಅನುಕೂಲವೂ ಇದೆ. ಅತ್ತೆ-ಮಾವನವರಿಗೆ ಕಳಿಸುವ ಹಣಕ್ಕೆ ಫ್ಯಾಫ್ಸಾ ಸೂತ್ರದಲ್ಲಿ ಜಾಗವೇ ಇಲ್ಲ. ಅಲ್ಲಿ ಕುಟುಂಬದ ಗಾತ್ರವನ್ನು ಬಹುಮಟ್ಟಿಗೆ ತೆರಿಗೆ ರಿಟರ್ನಿನಿಂದಲೇ ಎಣಿಸುತ್ತಾರೆ, ಭಾರತದಲ್ಲಿ ವಾಸವಾಗಿರುವ ಭಾರತೀಯ ಪ್ರಜೆಗಳಾದ ಹಿರಿಯರನ್ನು ಅಮೆರಿಕದ ರಿಟರ್ನಿನಲ್ಲಿ ಅವಲಂಬಿತರೆಂದು ತೋರಿಸಲು ಬರುವುದಿಲ್ಲ. ಪ್ರೊಫೈಲ್‌ನಲ್ಲಿ ಮಾತ್ರ ಕುಟುಂಬದ ವಿಶೇಷ ಪರಿಸ್ಥಿತಿಯನ್ನು ನಿಮ್ಮ ಮಾತಿನಲ್ಲೇ ವಿವರಿಸಲು ಜಾಗ ಕೊಟ್ಟಿದ್ದಾರೆ.

ಆ ಜಾಗದಲ್ಲಿ ಏನು ಬರೆಯಬೇಕೆಂಬುದೂ ಮುಖ್ಯ. "ನಮ್ಮ ಸಂಸ್ಕೃತಿಯಲ್ಲಿ ಹಿರಿಯರನ್ನು ನೋಡಿಕೊಳ್ಳುವುದು ಕರ್ತವ್ಯ" ಎಂಬ ವಾಕ್ಯದಿಂದ ಕಚೇರಿಯವರಿಗೆ ಉಪಯೋಗವಿಲ್ಲ. ಮಾವನವರಿಗೆ ಪಿಂಚಣಿ ಇಲ್ಲ, ಇಂಥ ಕಾಯಿಲೆಯ ಔಷಧಕ್ಕೆ ತಿಂಗಳಿಗೆ ಇಷ್ಟು, ಮನೆ ಖರ್ಚಿಗೆ ಇಷ್ಟು, ಕಳೆದ ಹನ್ನೆರಡು ತಿಂಗಳಲ್ಲಿ ಒಟ್ಟು ಇಷ್ಟು ಕಳಿಸಿದ್ದೇವೆ ಎಂದು ಅಂಕಿಗಳಲ್ಲಿ ಬರೆದು, ಬ್ಯಾಂಕಿನ ರವಾನೆ ವಿವರ ಮತ್ತು ಔಷಧದ ಬಿಲ್ಲುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿ ಇಟ್ಟುಕೊಳ್ಳಿ. ಇದನ್ನು ಪರಿಗಣಿಸಲೇಬೇಕೆಂಬ ಕಟ್ಟುಪಾಡು ಕಾಲೇಜಿಗಿಲ್ಲ. ಪರಿಗಣಿಸಿದ ಕಾಲೇಜುಗಳನ್ನು ನಾನು ನೋಡಿದ್ದೇನೆ, ಮತ್ತು ಅವರು ಪರಿಗಣಿಸಿದ್ದು ದಾಖಲೆ ಇದ್ದ ಪತ್ರಗಳನ್ನೇ.

ಎಚ್1ಬಿ ಕುಟುಂಬಗಳಿಗೆ ಇನ್ನೊಂದು ಮಾತು ಹೇಳಲೇಬೇಕು. 2024ರ ಆದಾಯದ ಮೇಲೆ ಲೆಕ್ಕ ಹಾಕಿದ ಮೇಲೆ ನಿಮ್ಮ ಯಜಮಾನರ ಕೆಲಸ ಹೋದರೆ, ಆ ಹಳೆಯ ಸಂಬಳದ ಆಧಾರದಲ್ಲೇ ಮಗಳು ಓದಬೇಕೆಂದೇನಿಲ್ಲ. ಉನ್ನತ ಶಿಕ್ಷಣ ಕಾಯಿದೆಯು ಕಾಲೇಜಿನ ನೆರವಿನ ಅಧಿಕಾರಿಗೆ ಇಂಥ ಸಂದರ್ಭದಲ್ಲಿ ಅರ್ಜಿಯ ಅಂಕಿಗಳನ್ನು ತಿದ್ದುವ ಅಧಿಕಾರ ಕೊಟ್ಟಿದೆ. ಇದನ್ನು ಪ್ರೊಫೆಷನಲ್ ಜಡ್ಜ್‌ಮೆಂಟ್ ಎನ್ನುತ್ತಾರೆ. ಕಚೇರಿಗೆ ಈ ಪದವನ್ನೇ ಬಳಸಿ ಬರೆಯಿರಿ, ಕೆಲಸದಿಂದ ತೆಗೆದ ಪತ್ರ ಮತ್ತು ಕೊನೆಯ ಸಂಬಳದ ಚೀಟಿಯನ್ನು ಲಗತ್ತಿಸಿ. ದೊಡ್ಡ ವೈದ್ಯಕೀಯ ಖರ್ಚು ಬಂದಾಗಲೂ ಇದೇ ದಾರಿ.

ಪ್ರವೇಶದ ಜೊತೆಗೆ ಬರುವ ನೆರವಿನ ಪತ್ರವನ್ನು ಓದುವ ಕ್ರಮವನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮಾರ್ಚ್-ಏಪ್ರಿಲ್ ಬಂದಾಗ ಸಂಭ್ರಮದಲ್ಲಿ ಅದನ್ನು ಯಾರೂ ನಿಧಾನವಾಗಿ ಓದುವುದಿಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2022ರಲ್ಲಿ ಈ ಪತ್ರಗಳನ್ನು ಪರಿಶೀಲಿಸಿ, ಸುಮಾರು ಶೇಕಡಾ 91ರಷ್ಟು ಕಾಲೇಜುಗಳು ಕುಟುಂಬಕ್ಕೆ ನಿಜವಾಗಿ ಬೀಳುವ ವೆಚ್ಚವನ್ನು ತಿಳಿಸುವುದೇ ಇಲ್ಲ ಅಥವಾ ಕಡಿಮೆ ಮಾಡಿ ತೋರಿಸುತ್ತವೆ ಎಂದು ವರದಿ ಮಾಡಿತು. ಇದು ಹೇಗೆ ಆಗುತ್ತದೆಂದು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮೊದಲ ಕಾಲೇಜಿನ ಒಟ್ಟು ವಾರ್ಷಿಕ ವೆಚ್ಚ 58,000 ಡಾಲರ್. ಅದರ ಪತ್ರದಲ್ಲಿ 12,000 ಅನುದಾನ, 5,500 ವಿದ್ಯಾರ್ಥಿ ಸಾಲ, 3,000 ವರ್ಕ್-ಸ್ಟಡಿ, ತಂದೆ-ತಾಯಿ ಕೇಂದ್ರ ಸರ್ಕಾರದಿಂದ ತೆಗೆಯುವ 28,500 ಪೇರೆಂಟ್ ಪ್ಲಸ್ ಸಾಲ, ಒಟ್ಟು "ನೆರವು" 49,000, ನೀವು ಕಟ್ಟಬೇಕಾದದ್ದು 9,000 ಮಾತ್ರ ಎಂದಿದೆ. ಎರಡನೆಯ ಕಾಲೇಜಿನ ವೆಚ್ಚ 71,000. ಅದರ ಪತ್ರದಲ್ಲಿ 34,000 ಅನುದಾನ, 5,500 ವಿದ್ಯಾರ್ಥಿ ಸಾಲ, 2,500 ವರ್ಕ್-ಸ್ಟಡಿ, ನೀವು ಕಟ್ಟಬೇಕಾದದ್ದು 29,000 ಎಂದಿದೆ. ಪತ್ರಗಳ ಕೊನೆಯ ಸಾಲನ್ನಷ್ಟೇ ನೋಡಿದವರು ಮೊದಲ ಕಾಲೇಜನ್ನು ಆರಿಸಿಕೊಳ್ಳುತ್ತಾರೆ. ಪೆನ್ನು ಹಿಡಿದು, ಮರಳಿ ಕೊಡಬೇಕಾಗಿಲ್ಲದ ಹಣವನ್ನು ಮಾತ್ರ ಕಳೆಯಿರಿ. ಮೊದಲನೆಯದು 46,000, ಎರಡನೆಯದು 37,000. ಎರಡನೆಯ ಕಾಲೇಜು ವರ್ಷಕ್ಕೆ 9,000 ಡಾಲರ್ ಅಗ್ಗ. ವರ್ಕ್-ಸ್ಟಡಿಯನ್ನು ಏಕೆ ಕಳೆಯಲಿಲ್ಲವೆಂದರೆ, ಅದು ಮಗಳು ಕ್ಯಾಂಪಸ್‌ನಲ್ಲಿ ದುಡಿದ ಹಾಗೆಲ್ಲ ಸಂಬಳವಾಗಿ ಬರುವ ಹಣ, ಆಗಸ್ಟಿನಲ್ಲಿ ಶುಲ್ಕ ಕಟ್ಟುವಾಗ ಕೈಯಲ್ಲಿರುವುದಿಲ್ಲ.

ನಿಮ್ಮ ಪಾಲಿಗೆ ಆ ಮೊದಲ ಪತ್ರದಲ್ಲಿ ಇನ್ನೂ ದೊಡ್ಡ ತೊಡಕಿದೆ. ಪೇರೆಂಟ್ ಪ್ಲಸ್ ಸಾಲ ಪಡೆಯುವ ತಂದೆ ಅಥವಾ ತಾಯಿ ಸ್ವತಃ ನಾಗರಿಕರೋ ಗ್ರೀನ್ ಕಾರ್ಡ್ ಹೊಂದಿದವರೋ ಆಗಿರಬೇಕು. ವೀಸಾದ ಪ್ರಶ್ನೆ ನಿಮಗೆ ನಿಜವಾಗಿ ಅಡ್ಡ ಬರುವುದು ಇಲ್ಲಿ ಮಾತ್ರ. ಪತ್ರದಲ್ಲಿ ಅಚ್ಚಾಗಿರುವ 28,500 ಡಾಲರ್ ನಿಮಗೆ ಸಿಗುವುದೇ ಇಲ್ಲ. ಅರ್ಹರಾದ ತಂದೆ-ತಾಯಿಗೂ 2026ರ ಜುಲೈ 1ರಿಂದ ಹೊಸದಾಗಿ ತೆಗೆಯುವ ಈ ಸಾಲ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರಿಗೆ ಸೀಮಿತವಾಗುತ್ತದೆ. ಪೌರತ್ವದ ಕಾರಣದಿಂದ ತಂದೆ-ತಾಯಿಗೆ ಸಾಲ ಸಿಗದಿದ್ದಾಗ ಮಗಳ ಹೆಸರಿನ ಸಾಲದ ಮಿತಿಯನ್ನು ಹೆಚ್ಚಿಸಬಹುದೇ ಎಂದು ನೆರವಿನ ಕಚೇರಿಯನ್ನು ಕೇಳಿ. ಹಾಗೆ ಹೆಚ್ಚಿಸುವ ವಿವೇಚನೆ ಅವರಿಗಿದೆ, ಆದರೆ ಕೇಳದವರಿಗೆ ಅವರಾಗಿಯೇ ಹೇಳುವುದು ಕಡಿಮೆ.

ಮಗಳ ಹೆಸರಿನಲ್ಲಿ ಕೇಂದ್ರ ಸರ್ಕಾರದ ಸಾಲ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500, ನಾಲ್ಕು ವರ್ಷಕ್ಕೆ ಒಟ್ಟು 27,000 ಡಾಲರ್ ಸಿಗುತ್ತದೆ. 2025-26ರ ಸಾಲಕ್ಕೆ ಬಡ್ಡಿ ಶೇಕಡಾ 6.39. ಅದು ಸಾಲದ ಅವಧಿಯುದ್ದಕ್ಕೂ ಬದಲಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮಗಳ ಪದವಿಗೆ ಸಾಲ ಮಾಡುವುದೇ ಆದರೆ ಈ ಮಿತಿಯೊಳಗೆ ನಿಲ್ಲಬೇಕು. ಇದನ್ನು ಮೀರಿದಾಗ ಖಾಸಗಿ ಬ್ಯಾಂಕುಗಳ ಬಾಗಿಲು ತಟ್ಟಬೇಕಾಗುತ್ತದೆ, ಅವರು ಸಾಮಾನ್ಯವಾಗಿ ನಾಗರಿಕರೋ ಗ್ರೀನ್ ಕಾರ್ಡ್ ಹೊಂದಿದವರೋ ಆದ ಜಾಮೀನುದಾರರನ್ನು ಕೇಳುತ್ತಾರೆ, ಆಗ ಸ್ನೇಹಿತರನ್ನೋ ನೆಂಟರನ್ನೋ ಜಾಮೀನಿಗೆ ಕರೆಯುವ ಸ್ಥಿತಿ ಬರುತ್ತದೆ. ವೀಸಾದ ಭವಿಷ್ಯ ನಿಮ್ಮ ಕೈಯಲ್ಲಿಲ್ಲದಿರುವಾಗ ಅಂಥ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ಹಾಕುವುದು ಸರಿಯಲ್ಲವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಇದೇ ಕಾರಣಕ್ಕೆ, ಅರ್ಲಿ ಡಿಸಿಷನ್ ಎಂಬ, ಸೀಟು ಕೊಟ್ಟರೆ ಅಲ್ಲಿಯೇ ಸೇರುತ್ತೇನೆಂಬ ಬದ್ಧತೆಯ ಪ್ರವೇಶಕ್ಕೆ ಮಗಳು ಸಹಿ ಹಾಕುವ ಮೊದಲು ಆ ಕಾಲೇಜಿನ ಕ್ಯಾಲ್ಕ್ಯುಲೇಟರ್ ಹೇಳಿದ ಮೊತ್ತವನ್ನು ನೀವು ನಿಜವಾಗಿ ಕಟ್ಟಬಲ್ಲಿರಾ ಎಂದು ಮನೆಯವರೆಲ್ಲ ಕುಳಿತು ಮಾತನಾಡಿ. ನೆರವು ಸಾಲದಿದ್ದರೆ ಬಿಡುಗಡೆ ಕೇಳಬಹುದು, ಆದರೆ ಎರಡು ಪತ್ರಗಳನ್ನು ಪಕ್ಕದಲ್ಲಿಟ್ಟು ಹೋಲಿಸುವ ಅವಕಾಶ ಅಲ್ಲಿ ಇರುವುದಿಲ್ಲ. ಸಂಘ-ಸಂಸ್ಥೆಗಳ ಚಿಕ್ಕ ವಿದ್ಯಾರ್ಥಿವೇತನಗಳಿಗೂ ಅರ್ಜಿ ಹಾಕಲಿ. ಹೊರಗಿನಿಂದ ಬಂದ ಹಣವನ್ನು ಕಾಲೇಜು ಸಾಲದಿಂದ ಕಳೆಯುತ್ತದೆಯೋ, ತನ್ನ ಅನುದಾನದಿಂದಲೇ ಕಳೆಯುತ್ತದೆಯೋ ಎಂಬುದನ್ನು ಮಾತ್ರ ಮುಂಚಿತವಾಗಿ ವಿಚಾರಿಸಿ.

ಪತ್ರಗಳು ಕೈಸೇರಿದ ಮೇಲೆ ಸಾಮಾನ್ಯವಾಗಿ ಮೇ 1ರವರೆಗೆ ನಿರ್ಧರಿಸಲು ಸಮಯವಿರುತ್ತದೆ. ಆ ದಿನಗಳಲ್ಲಿ ಮಗಳೇ ನೆರವಿನ ಕಚೇರಿಗೆ ಫೋನ್ ಮಾಡಿ, ಅನುದಾನ ನಾಲ್ಕು ವರ್ಷವೂ ಇಷ್ಟೇ ಇರುತ್ತದೆಯೇ, ಅದನ್ನು ಉಳಿಸಿಕೊಳ್ಳಲು ಎಷ್ಟು ಅಂಕ ಬೇಕು, ಶುಲ್ಕ ಏರಿದರೆ ಅನುದಾನವೂ ಏರುತ್ತದೆಯೇ ಎಂದು ಕೇಳಲಿ. ಇನ್ನೊಂದು ಕಾಲೇಜಿನಿಂದ ಹೆಚ್ಚು ಅನುದಾನದ ಪತ್ರ ಬಂದಿದ್ದರೆ ಅದರ ಪ್ರತಿಯನ್ನು ಕಳಿಸಿ ಮರುಪರಿಶೀಲನೆಗೆ ವಿನಂತಿಸುವುದರಲ್ಲಿ ಸಂಕೋಚ ಬೇಡ. ಆ ಕಚೇರಿಯವರಿಗೆ ಇಂಥ ವಿನಂತಿಗಳು ದಿನನಿತ್ಯದ ಕೆಲಸ. ಫ್ಯಾಫ್ಸಾ ಅರ್ಜಿಯನ್ನು ಪ್ರತಿ ವರ್ಷ ಹೊಸದಾಗಿ ಸಲ್ಲಿಸಬೇಕಾದ್ದರಿಂದ ಈ ವರ್ಷ ಬಳಸಿದ ಹೆಸರಿನ ರೂಪ, ಸೈಟಿನ ಬೆಲೆಯನ್ನು ಲೆಕ್ಕ ಹಾಕಿದ ಬಗೆ, ಕಚೇರಿಗಳಿಂದ ಬಂದ ಉತ್ತರಗಳು ಇವನ್ನೆಲ್ಲ ಒಂದೇ ಕಡತದಲ್ಲಿಡಿ. ಈ ವಾರ ಮೊದಲು ಮಾಡಬೇಕಾದ ಕೆಲಸವೆಂದರೆ, ನಿಮ್ಮ ಯಜಮಾನರ ಸೋಷಿಯಲ್ ಸೆಕ್ಯುರಿಟಿ ಕಾರ್ಡನ್ನು ಹುಡುಕಿ ತೆಗೆದು, ಅವರಿಗೂ ಮಗಳಿಗೂ ಖಾತೆ ತೆರೆಯುವುದು.